ಲೇಆಫ್ ಆದ್ರೆ ನಮ್ಗೆ 60 ದಿನ, ಸೇಬಿನ ತೋಟದವ್ರಿಗೆ?

ಅಮೆರಿಕದ ಎಚ್-1ಬಿ ಕೆಲಸದ ವೀಸಾ ಮೇಲಿರೋ ಕನ್ನಡದವ್ರ ಯಾವ ವಾಟ್ಸಾಪ್ ಗ್ರೂಪಲ್ಲಾದ್ರೂ "60 ದಿನ" ಅಂದ್ರೆ ಸಾಕು, ಬಿಡಿಸಿ ಹೇಳೋದೇ ಬೇಕಿಲ್ಲ. ಕೆಲಸ ಹೋದ ದಿನದಿಂದ ಎಣಿಕೆ ಶುರು, ಅಷ್ಟರೊಳಗೆ ಇನ್ನೊಂದು ಕಂಪನಿ ನಮ್ಮ ಹೆಸ್ರಲ್ಲಿ ಪಿಟಿಷನ್ (ವೀಸಾ ಅರ್ಜಿ) ಹಾಕ್ಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಟು. ಅದನ್ನ ನಾವೆಲ್ಲಾ ಬೈಕೋತೀವಿ, ಬೈಯೋದು ನ್ಯಾಯಾನೇ, ಮಕ್ಕಳ ಸ್ಕೂಲು, ಮನೆ ಲೋನು, ಕಾರಿನ ಕಂತು ಎಲ್ಲಾ ತಲೆ ಮೇಲಿಟ್ಕೊಂಡು ಎರಡು ತಿಂಗಳಲ್ಲಿ ಕೆಲಸ ಹುಡುಕು ಅಂದ್ರೆ ಯಾರಿಗೆ ನಿದ್ದೆ ಬರತ್ತೆ. ಆದ್ರೆ ಈ 60 ದಿನ ಕೂಡ ನಮ್ಗೆ ರೂಲ್ ಅಂತ ಬಂದಿದ್ದು 2017ರ ಜನವರಿ 17ಕ್ಕೆ. ಇದೇ ಅಮೆರಿಕಕ್ಕೆ ಹಣ್ಣು ಕೀಳೋಕೆ, ಏಡಿ ಬಿಡಿಸೋಕೆ, ಬೇಸಿಗೆಲಿ ರೆಸಾರ್ಟ್ ರೂಮ್ ಗುಡಿಸೋಕೆ ಅಂತ ಸೀಸನ್‌ಗೆ ಬರೋ ಎಚ್-2 ವೀಸಾದವ್ರಿಗೆ ಅದೇ 60 ದಿನ ಸಿಕ್ಕಿದ್ದು 2025ರ ಜನವರಿ 17ಕ್ಕೆ. ಸರಿಯಾಗಿ ಎಂಟು ವರ್ಷ, ತಾರೀಖು ಸಮೇತ ಅದೇ. ಸರ್ಕಾರದವ್ರು ಬೇಕು ಅಂತ ಮಾಡಿದ್ದಲ್ಲ ಬಿಡಿ, ಆದ್ರೂ ನೋಡಿದಾಗ ಒಂಥರಾ ಅನ್ಸತ್ತೆ.

ನಾನಿರೋದು ವಾಷಿಂಗ್ಟನ್ ಸ್ಟೇಟ್‌ನ ಪೂರ್ವದ ಕಡೆ. ಸಿಯಾಟಲ್ ಅಂದ್ರೆ ಎಲ್ರಿಗೂ ಮಳೆ ನೆನಪಾಗತ್ತೆ, ಆ ಮಳೆ ಇಲ್ಲಿಗೆ ಬರಲ್ಲ, ಕ್ಯಾಸ್ಕೇಡ್ ಬೆಟ್ಟಗಳು ಮೋಡನ ಅಲ್ಲೇ ಹಿಂಡಿ ಬಿಡ್ತವೆ. ಈಕಡೆ ಇರೋದು ಒಣ ನೆಲ, ಕೊಲಂಬಿಯಾ ಮತ್ತೆ ಯಾಕಿಮಾ ನದಿ ನೀರನ್ನ ಕಾಲುವೆಲಿ ತಂದು ಬೆಳೆದ ಸೇಬು, ಚೆರ್ರಿ, ದ್ರಾಕ್ಷಿ, ಬಿಯರ್‌ಗೆ ಹಾಕೋ ಹಾಪ್ಸ್. ಅಮೆರಿಕದ ಸೇಬಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ಸ್ಟೇಟ್‌ದು. ಜೂನ್‌ನಿಂದ ಅಕ್ಟೋಬರ್ ಕೊನೆವರೆಗೂ ಭಾನುವಾರ ಸಂಜೆ ಇಲ್ಲಿನ ದೊಡ್ಡ ಸ್ಟೋರ್‌ಗೆ ಹೋದ್ರೆ ಪಾರ್ಕಿಂಗ್ ಲಾಟ್‌ನ ತುದಿಲಿ ಹಳೇ ಸ್ಕೂಲ್ ಬಸ್ಸುಗಳು ಸಾಲಾಗಿ ನಿಂತಿರ್ತವೆ, ಹಳದಿ ಬಣ್ಣದ ಮೇಲೆ ಬಿಳಿ ಪೇಂಟ್ ಹೊಡೆದಿರೋವು. ಅದ್ರಿಂದ ಇಳಿಯೋರು ಹೆಚ್ಚುಕಡಿಮೆ ಎಲ್ಲಾ ಗಂಡಸರೇ, ಹತ್ರಹತ್ರ ಎಲ್ರೂ ಮೆಕ್ಸಿಕೋದವ್ರು. ಒಂದು ಗುಂಪು ಸೀದಾ ಮನಿ ಟ್ರಾನ್ಸ್‌ಫರ್ ಕೌಂಟರ್‌ಗೆ, ಇನ್ನೊಂದು ಅಕ್ಕಿ, ಎಣ್ಣೆ, ಟೋರ್ಟಿಯಾ, ಕೋಳಿ ಕಡೆಗೆ, ನಾಲ್ಕು ಜನಕ್ಕೆ ಒಂದೇ ಕಾರ್ಟು, ಬಿಲ್ ಮಾಡ್ವಾಗ ಫೋನಲ್ಲಿ ಕ್ಯಾಲ್ಕುಲೇಟರ್ ತೆಗ್ದು ತಲಾ ಎಷ್ಟು ಅಂತ ಹಂಚ್ಕೋತಾರೆ. ಡ್ರೈವರ್ ಹಾರ್ನ್ ಹೊಡೆದ್ರೆ ಮುಗೀತು, ವಾಪಸ್ ತೋಟದ ಕ್ಯಾಂಪಿಗೆ. ಆ ಹಾರ್ನ್ ತಪ್ಪಿಸ್ಕೊಂಡ್ರೆ ನಡ್ಕೊಂಡು ಹೋಗೋ ದೂರ ಅಲ್ಲ ಅದು, ಕ್ಯಾಂಪ್ ಇರೋದು ಊರಿಂದ ಎಷ್ಟೋ ಮೈಲಿ ಆಚೆ, ತೋಟದ ಮಧ್ಯ.

ಇವ್ರ ವೀಸಾ ಹೆಸ್ರು ಎಚ್-2ಎ. ಎಚ್-2 ಅನ್ನೋದು 1952ರ ಇಮಿಗ್ರೇಷನ್ ಕಾನೂನಿನಿಂದ ಇದೆ, 1986ರಲ್ಲಿ ಅದನ್ನ ಎರಡು ಭಾಗ ಮಾಡಿ ವ್ಯವಸಾಯಕ್ಕೆ 'ಎ', ಉಳಿದ ಸೀಸನ್ ಕೆಲಸಗಳಿಗೆ 'ಬಿ' ಅಂತ ಇಟ್ರು. ಬಿ ಗೆ ವರ್ಷಕ್ಕೆ 66,000 ಅಂತ ಮಿತಿ ಇದೆ, ಎ ಗೆ ಮಿತಿನೇ ಇಲ್ಲ. ಹಾಗಾಗಿ ಎ ಬೆಳೆದಿದ್ದು ಹೇಗಂದ್ರೆ 2012ರಲ್ಲಿ ವರ್ಷಕ್ಕೆ 65 ಸಾವಿರದಷ್ಟು ವೀಸಾ ಸ್ಟ್ಯಾಂಪ್ ಆಗ್ತಿದ್ದಿದ್ದು 2023ಕ್ಕೆ ಮೂರು ಲಕ್ಷ ದಾಟ್ತು. ನಾವು ಎಚ್-1ಬಿ ಲಾಟರಿ ಅಂತ ಬಡ್ಕೋತೀವಲ್ಲ, ಅಲ್ಲಿ ಹೊಸದಾಗಿ ಕೊಡೋದು ವರ್ಷಕ್ಕೆ 85,000. ಅಂದ್ರೆ ಯಾರ ಕಣ್ಣಿಗೂ ಬೀಳದ ಈ ವೀಸಾ, ಟಿವಿಲಿ ದಿನಾ ಜಗಳ ಆಗೋ ವೀಸಾಗಿಂತ ಎಷ್ಟೋ ದೊಡ್ಡದು.

ಕಾಗದದ ಮೇಲೆ ಓದಿದ್ರೆ ಎಚ್-2ಎ ರೂಲ್ಸ್ ಭಾರಿ ಚೆನ್ನಾಗಿದೆ, ನಿಜವಾಗ್ಲೂ ಹೇಳ್ತಿದೀನಿ, ನಮ್ ಎಚ್-1ಬಿ ಗೆ ಇಲ್ಲದ ಸವಲತ್ತೆಲ್ಲಾ ಇದೆ. ಇರೋಕೆ ಜಾಗ ಮಾಲೀಕನೇ ಫ್ರೀ ಆಗಿ ಕೊಡ್ಬೇಕು, ಅದು ಇನ್‌ಸ್ಪೆಕ್ಷನ್ ಪಾಸ್ ಆಗಿರ್ಬೇಕು. ಅಡುಗೆಮನೆ ಕೊಡ್ಬೇಕು, ಇಲ್ಲಾ ಮೂರು ಹೊತ್ತು ಊಟ ಕೊಡ್ಬೇಕು. ಕಾಂಟ್ರ್ಯಾಕ್ಟ್ ಅರ್ಧ ಮುಗಿಸಿದ್ರೆ ಬಂದ ದಾರಿ ಖರ್ಚು ವಾಪಸ್, ಪೂರ್ತಿ ಮುಗಿಸಿದ್ರೆ ಹೋಗೋ ದಾರಿ ಖರ್ಚೂ ಅವನದ್ದೇ. ಹೇಳಿದ ಒಟ್ಟು ಗಂಟೆಗಳಲ್ಲಿ ಮುಕ್ಕಾಲು ಭಾಗ ಕೆಲಸ ಕೊಡ್ಲೇಬೇಕು, ಕೊಡದಿದ್ರೂ ಅಷ್ಟಕ್ಕೆ ಕೂಲಿ ಎಣಿಸ್ಬೇಕು. ಕೂಲಿಗೂ ಸ್ಟೇಟ್‌ವಾರು ಒಂದು ಕೆಳಮಿತಿ, 2025ರಲ್ಲಿ ವಾಷಿಂಗ್ಟನ್‌ದು ಗಂಟೆಗೆ 19.82 ಡಾಲರ್ ಇತ್ತು. ಏಜೆಂಟ್‌ಗಳು ಕಾರ್ಮಿಕನ ಹತ್ರ ಒಂದು ಪೈಸೆ ತಗೊಳ್ಳೋ ಹಾಗಿಲ್ಲ. ಇಷ್ಟೆಲ್ಲಾ ಇದ್ಮೇಲೆ ಇನ್ನೇನು ರಿಫಾರ್ಮ್ ಅಂತ ನೀವು ಕೇಳ್ಬಹುದು.

ವಿಷಯ ಏನಂದ್ರೆ ಈ ಸವಲತ್ತೆಲ್ಲಾ ನಿಂತಿರೋದು ಒಂದೇ ಮೊಳೆ ಮೇಲೆ. ಮಾಲೀಕ ಕೊಡ್ಲಿಲ್ಲ ಅಂದಾಗ ಕಾರ್ಮಿಕ ಬಾಯಿ ಬಿಟ್ಟು ಕೇಳ್ಬೇಕು. ಬಾಯಿ ಬಿಡ್ಬೇಕು ಅಂದ್ರೆ ಬಿಟ್ಟು ಹೋಗೋಕೆ ಇನ್ನೊಂದು ಜಾಗ ಇರ್ಬೇಕು. ವೀಸಾ ಮೇಲೆ ಒಬ್ಬನೇ ಮಾಲೀಕನ ಹೆಸ್ರು, ಅವನು ತೆಗೆದ್ರೆ ಕೆಲಸ ಹೋಯ್ತು, ಕೆಲಸದ ಜೊತೆ ಮಲಗೋ ಮಂಚ ಹೋಯ್ತು, 2025ರ ಜನವರಿವರೆಗೂ ಮಂಚದ ಜೊತೆ ಈ ದೇಶದಲ್ಲಿ ಇರೋ ಹಕ್ಕೂ ಹೋಗ್ತಿತ್ತು, ಮೂರೂ ಒಂದೇ ಮಧ್ಯಾಹ್ನ. ನಮಗೆ ಕೆಲಸ ಹೋದ್ರೆ ಬ್ಯಾಡ್ಜ್ ಮತ್ತೆ ಲ್ಯಾಪ್‌ಟಾಪ್ ಕಿತ್ಕೋತಾರೆ, ಬೆಡ್‌ರೂಮಿಂದ ಯಾರೂ ಎಬ್ಬಿಸಲ್ಲ.

ಇದು ಸುಮ್ನೆ ಕಲ್ಪನೆ ಅಲ್ಲ, ನಮ್ಮ ಸ್ಟೇಟಲ್ಲೇ ಆಗಿದೆ. 2017ರ ಆಗಸ್ಟ್, ಕೆನಡಾ ಗಡಿ ಪಕ್ಕದ ಸೂಮಸ್ ಅನ್ನೋ ಸಣ್ಣ ಊರು, ಬ್ಲೂಬೆರಿ ತೋಟ. ಬಿಸಿಲು ಜೋರು, ಮೇಲೆ ಬ್ರಿಟಿಷ್ ಕೊಲಂಬಿಯಾ ಕಾಡ್ಗಿಚ್ಚಿನ ಹೊಗೆ. 28 ವರ್ಷದ ಒಬ್ಬ ಮೆಕ್ಸಿಕನ್ ಎಚ್-2ಎ ಕಾರ್ಮಿಕ ಹುಷಾರು ತಪ್ಪಿ ಸಿಯಾಟಲ್ ಆಸ್ಪತ್ರೆ ಸೇರಿದ, ಉಳೀಲಿಲ್ಲ. ಅವನು ಇನ್ನೂ ಆಸ್ಪತ್ರೆಲಿದ್ದಾಗ್ಲೇ ಜೊತೆಗಿದ್ದವ್ರು ಒಂದು ದಿನ ಕೆಲಸ ನಿಲ್ಸಿ, ಊಟ ನೀರು ಬಿಡುವು ಸರಿಯಾಗಿ ಕೊಡಿ ಅಂತ ಕೂತ್ರು. ಮಾರನೇ ದಿನ ಸುಮಾರು 70 ಜನಕ್ಕೆ ಕೆಲಸ ಇಲ್ಲ, ಕ್ಯಾಂಪ್ ಖಾಲಿ ಮಾಡಿ ಅಂದ್ರು. ಪಕ್ಕದ ಮನೆಯವ್ರ ಜಾಗದಲ್ಲಿ ಟೆಂಟ್ ಹಾಕ್ಕೊಂಡು ಉಳ್ಕೊಂಡ್ರು ಪಾಪ. ಆಮೇಲೆ ಸ್ಟೇಟ್‌ನವ್ರು ತನಿಖೆ ಮಾಡಿ ಸಾವು ಸಹಜ ಕಾರಣದಿಂದ ಆಗಿದ್ದು, ತೋಟದವ್ರ ತಪ್ಪಲ್ಲ ಅಂದ್ರು, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ಅದೇ ತನಿಖೆಲಿ ಬ್ರೇಕ್ ಕೊಡ್ದೇ ಇದ್ದಿದ್ದು, ಊಟಕ್ಕೆ ಹೊತ್ತಿಗೆ ಸರಿಯಾಗಿ ಬಿಡದೇ ಇದ್ದಿದ್ದು ಸಿಕ್ಕಿ ಸುಮಾರು ಒಂದೂವರೆ ಲಕ್ಷ ಡಾಲರ್ ಫೈನ್ ಬಿತ್ತು, ಅದೂ ಆಮೇಲೆ ಅರ್ಧಕ್ಕೆ ಇಳೀತು. ನೋಡಿ, ಕಾರ್ಮಿಕರು ಕೇಳಿದ್ದು ಕಾನೂನಲ್ಲಿ ಬರೆದಿರೋದನ್ನೇ. ಕೇಳಿದ ಮಾರನೇ ದಿನ ಬೀದೀಲಿದ್ರು. ಬೇರೆ ಕ್ಯಾಂಪ್‌ಗಳಲ್ಲಿ ಇದನ್ನ ಕೇಳಿದವ್ರು ಮುಂದಿನ ಸಲ ಬ್ರೇಕ್ ಕೇಳ್ತಾರಾ?

ಜೊತೆಗೆ ಸಾಲ. ಏಜೆಂಟ್ ದುಡ್ಡು ತಗೋಬಾರ್ದು ಅಂತ ಅಮೆರಿಕದ ರೂಲ್ ಹೇಳತ್ತೆ, ಆದ್ರೆ ಏಜೆಂಟ್ ಇರೋದು ಮೆಕ್ಸಿಕೋದ ಯಾವುದೋ ಹಳ್ಳೀಲಿ. ಗಡಿ ಪಟ್ಟಿ ಬಿಟ್ಟು ಉಳಿದ ಮೆಕ್ಸಿಕೋದಲ್ಲಿ 2025ರ ಮಿನಿಮಮ್ ಕೂಲಿ ದಿನಕ್ಕೆ 278.80 ಪೆಸೊ, ಡಾಲರಲ್ಲಿ ಹದಿನೈದರ ಆಸುಪಾಸು. ಅಲ್ಲಿ ಒಂದು ದಿನ ದುಡಿಯೋದಕ್ಕಿಂತ ಇಲ್ಲಿ ಒಂದು ಗಂಟೆ ದುಡಿದ್ರೆ ಜಾಸ್ತಿ. ಲಿಸ್ಟಲ್ಲಿ ಹೆಸ್ರು ಸೇರಿಸ್ತೀನಿ ಅಂದವನಿಗೆ ಬಡ್ಡಿಗೆ ತಂದಾದ್ರೂ ದುಡ್ಡು ಕೊಡೋರು ಇದ್ದೇ ಇರ್ತಾರೆ, ಕಾನ್ಸುಲೇಟ್ ಕಿಟಕಿಲಿ "ಯಾರಿಗಾದ್ರೂ ದುಡ್ಡು ಕೊಟ್ಟಿದೀರಾ" ಅಂತ ಕೇಳಿದ್ರೆ ಇಲ್ಲ ಅಂತಾನೇ ಹೇಳ್ತಾರೆ, ಯಾಕಂದ್ರೆ ಹೌದು ಅಂದ್ರೆ ವೀಸಾನೂ ಇಲ್ಲ, ಕೊಟ್ಟ ದುಡ್ಡೂ ಇಲ್ಲ. ಸಾಲ ತೀರೋವರೆಗೆ ಬಾಯಿ ಮುಚ್ಕೊಂಡಿರೋದು, ಇದಕ್ಕೆ ನಮ್ ಕಡೆ ಏನಂತಾರೆ ಅಂತ ಹೇಳ್ಬೇಕಾ.

ನಮ್ಮವ್ರಿಗೂ ಇದು ಹೊಸದಲ್ಲ, ನಮ್ಮಲ್ಲಿ ತುಂಬಾ ಜನಕ್ಕೆ ಮರ್ತೇ ಹೋಗಿದೆ ಅಷ್ಟೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದ್ಮೇಲೆ ಸಿಗ್ನಲ್ ಇಂಟರ್‌ನ್ಯಾಷನಲ್ ಅನ್ನೋ ಶಿಪ್‌ಯಾರ್ಡ್ ಕಂಪನಿ ಮಿಸಿಸಿಪ್ಪಿ ಮತ್ತೆ ಟೆಕ್ಸಾಸ್‌ಗೆ ಸುಮಾರು 500 ಭಾರತೀಯ ವೆಲ್ಡರ್, ಪೈಪ್ ಫಿಟ್ಟರ್‌ಗಳನ್ನ ಎಚ್-2ಬಿ ಮೇಲೆ ತರಿಸ್ತು. ಗ್ರೀನ್ ಕಾರ್ಡ್ ಆಗತ್ತೆ ಅಂತ ಆಸೆ ತೋರ್ಸಿ ಏಜೆಂಟ್‌ಗಳು ಒಬ್ಬೊಬ್ರ ಹತ್ರ ಹತ್ತರಿಂದ ಇಪ್ಪತ್ತು ಸಾವಿರ ಡಾಲರ್ ಕಿತ್ತಿದ್ರು, ಜನ ಮನೆ, ಒಡವೆ ಅಡ ಇಟ್ಟು ಬಂದಿದ್ರು. ಬಂದ್ಮೇಲೆ ನೋಡಿದ್ರೆ ಒಂದು ಟ್ರೇಲರ್‌ಗೆ 24 ಜನ, ಅದಕ್ಕೆ ತಿಂಗಳಿಗೆ 1,050 ಡಾಲರ್ ಸಂಬಳದಲ್ಲಿ ಕಟ್. 2008ರ ಮಾರ್ಚಲ್ಲಿ ಒಂದಷ್ಟು ಜನ ಹೆಲ್ಮೆಟ್ ಎಸೆದು ಹೊರಗೆ ಬಂದ್ರು, ನ್ಯೂ ಆರ್ಲಿಯನ್ಸ್ ಕಡೆಯಿಂದ ವಾಷಿಂಗ್ಟನ್ ಡಿಸಿವರೆಗೂ ಸತ್ಯಾಗ್ರಹ ಅಂತ ಹೊರಟ್ರು, ಅಲ್ಲಿ ಉಪವಾಸ ಕೂತ್ರು. 2015ರ ಫೆಬ್ರವರಿಲಿ ಜ್ಯೂರಿ ಅವ್ರಲ್ಲಿ ಐದು ಜನಕ್ಕೆ ಒಂದು ಕೋಟಿ ನಲವತ್ತು ಲಕ್ಷ ಡಾಲರ್ ಕೊಡಿ ಅಂತು, ಕಂಪನಿ ದಿವಾಳಿ ಅರ್ಜಿ ಹಾಕ್ತು, ಉಳಿದವ್ರ ಕೇಸುಗಳೂ ಸೇರಿ ಎರಡು ಕೋಟಿ ಡಾಲರ್‌ಗೆ ಸೆಟ್ಲ್ ಆಯ್ತು. ಏಳು ವರ್ಷ! ಅಲ್ಲಿ ಇದ್ದವ್ರಿಗೆ ಮೊದಲನೇ ತಿಂಗಳೇ ಪಕ್ಕದ ಶಿಪ್‌ಯಾರ್ಡ್‌ಗೆ ಹೋಗೋ ಹಕ್ಕು ಇದ್ದಿದ್ರೆ ಕೋರ್ಟಿನ ಮಾತೇ ಬರ್ತಿರ್ಲಿಲ್ಲ, ಕತ್ರಿನಾ ಆದ್ಮೇಲೆ ಆ ಕರಾವಳಿಲಿ ವೆಲ್ಡರ್ ಬೇಕಿಲ್ಲದ ಯಾರ್ಡ್ ಯಾವುದಿತ್ತು.

ಇನ್ನೊಂದು 2021ರದ್ದು, ಜಾರ್ಜಿಯಾ ಈರುಳ್ಳಿ ಹೊಲಗಳದ್ದು, ಅಲ್ಲಿ 24 ಜನರ ಮೇಲೆ ಫೆಡರಲ್ ಕೇಸ್ ಆಯ್ತು. ಚಾರ್ಜ್‌ಶೀಟಲ್ಲಿ ಇರೋದು ಓದಿದ್ರೆ ಗಂಟಲು ಒಣಗತ್ತೆ, ಬರಿಗೈಲಿ ಈರುಳ್ಳಿ ಕೀಳಿಸೋದು, ಒಂದು ಬಕೆಟ್‌ಗೆ 20 ಸೆಂಟ್, ಬಂದೂಕು ತೋರ್ಸಿ ಹೆದರಿಸೋದು, ಪಾಸ್‌ಪೋರ್ಟ್ ಇಟ್ಕೊಳೋದು. ಎಲ್ಲಾ ಎಚ್-2ಎ ಮೇಲೆ, ಕಾಗದಪತ್ರ ಎಲ್ಲಾ 'ಸರಿ' ಇರೋ ಎಚ್-2ಎ. ಎಲ್ಲಾ ತೋಟದವ್ರೂ ಹೀಗೆ ಅಂತ ನಾನು ಹೇಳ್ತಿಲ್ಲ, ಬಹಳಷ್ಟು ಕಡೆ ವರ್ಷಾವರ್ಷ ಅದೇ ಜನ ಅದೇ ತೋಟಕ್ಕೆ ಇಷ್ಟಪಟ್ಟೇ ಬರ್ತಾರೆ. ಆದ್ರೆ ಒಳ್ಳೇ ಮಾಲೀಕ ಸಿಗೋದು ಅದೃಷ್ಟದ ಮೇಲೆ ಬಿಟ್ಟಿದ್ದು ಅಂದ್ರೆ ಅದನ್ನ ರೂಲ್ ಅಂತ ಹೇಗೆ ಕರೆಯೋದು.

ಅಮೆರಿಕಕ್ಕೆ ಇದು ಗೊತ್ತಿಲ್ಲದ ಪಾಠವೂ ಅಲ್ಲ. 1942ರಿಂದ 1964ರವರೆಗೆ ಮೆಕ್ಸಿಕೋದಿಂದ ಕೂಲಿಯವ್ರನ್ನ ತರಿಸೋ ಬ್ರಾಸೆರೊ ಪ್ರೋಗ್ರಾಂ ಅಂತ ನಡೀತು, ಯುದ್ಧಕಾಲದ ಕೂಲಿ ಕೊರತೆಗೆ ಅಂತ ಶುರುವಾಗಿದ್ದು 22 ವರ್ಷ ಎಳೀತು, 46 ಲಕ್ಷದಷ್ಟು ಕಾಂಟ್ರ್ಯಾಕ್ಟ್ ಆದ್ವು. ಮೊದಲ ವರ್ಷಗಳಲ್ಲಿ ಕೂಲಿಲಿ ಹತ್ತು ಪರ್ಸೆಂಟ್ ಹಿಡ್ದು ಊರಿಗೆ ಹೋದ್ಮೇಲೆ ಕೊಡ್ತೀವಿ ಅಂದಿದ್ರು, ಎಷ್ಟೋ ಜನ ಮುದುಕರಾದ್ರೂ ಅದು ಕೈಗೆ ಬರ್ಲಿಲ್ಲ. ಆಗ್ಲೂ ಕಾಂಟ್ರ್ಯಾಕ್ಟಲ್ಲಿ ವಸತಿ, ಊಟ, ಕೂಲಿ ಗ್ಯಾರಂಟಿ ಎಲ್ಲಾ ಬರೆದೇ ಇತ್ತು.

ಈಗ 2025ರ ರೂಲಿಗೆ ಬರ್ತೀನಿ, ನನ್ ತಲೆ ಕೆಟ್ಟಿದ್ದು ಇಲ್ಲೇ. ಬೈಡನ್ ಸರ್ಕಾರ ಹೋಗೋ ಮೂರು ದಿನ ಮುಂಚೆ ಜಾರಿಗೆ ಬಂತು. 60 ದಿನದ ಗ್ರೇಸ್ ಕೊಟ್ರು, ಹೊಸ ಮಾಲೀಕ ಪಿಟಿಷನ್ ಫೈಲ್ ಮಾಡಿದ ಕೂಡ್ಲೇ ಅಪ್ರೂವಲ್‌ಗೆ ಕಾಯ್ದೇ ಕೆಲಸ ಶುರು ಮಾಡ್ಬಹುದು ಅಂದ್ರು, ದೂರು ಕೊಟ್ಟವ್ರ ಮೇಲೆ ಸೇಡು ತೀರಿಸ್ಕೋಬಾರ್ದು ಅಂದ್ರು. ಇದರಲ್ಲಿ ಅಪ್ರೂವಲ್‌ಗೆ ಕಾಯ್ದೇ ಮಾಲೀಕನನ್ನ ಬದಲಾಯಿಸೋ ಈ ಪೋರ್ಟಬಿಲಿಟಿ ಅಂದ್ರೆ ನಮಗೆ ಗೊತ್ತು, ಎಚ್-1ಬಿ ಗೆ ಅದು 2000ದ ಇಸವಿಯಿಂದ ಇದೆ, ಅದ್ರ ಬಲದ ಮೇಲೇ ನಾವೆಲ್ಲಾ ಕಂಪನಿ ಹಾರಿ ಸಂಬಳ ಏರಿಸ್ಕೊಂಡಿರೋದು. ಹಾಗಾದ್ರೆ ಕಾಪಿ ಪೇಸ್ಟ್ ಮಾಡಿದ್ರು, ಸಮಸ್ಯೆ ಮುಗೀತಲ್ಲ? ಇಲ್ಲ. ಲೆಕ್ಕ ಹಾಕಿ ನೋಡಿ. ಎಚ್-2ಎ ಮೇಲೆ ಕೆಲಸಕ್ಕೆ ಇಟ್ಕೋಬೇಕು ಅಂದ್ರೆ ತೋಟದವನು ಕೆಲಸ ಶುರುವಾಗೋ 60ರಿಂದ 75 ದಿನ ಮುಂಚೆ ಇಂಥ ಕೆಲಸ ಇದೆ ಅಂತ ಜಾಬ್ ಆರ್ಡರ್ ಕೊಡ್ಬೇಕು, 45 ದಿನ ಮುಂಚೆ ಲೇಬರ್ ಡಿಪಾರ್ಟ್‌ಮೆಂಟ್‌ಗೆ ಅರ್ಜಿ, ಮಧ್ಯದಲ್ಲಿ ಲೋಕಲ್ ಜನ ಸಿಗ್ತಾರಾ ಅಂತ ಹುಡುಕಾಟ, ವಸತಿ ಇನ್‌ಸ್ಪೆಕ್ಷನ್, ಆಮೇಲೆ ವಿದೇಶಿ ಕಾರ್ಮಿಕರನ್ನ ಇಟ್ಕೋಬಹುದು ಅನ್ನೋ ಸರ್ಟಿಫಿಕೇಟ್, ಅದಾದ್ಮೇಲೆ ಇಮಿಗ್ರೇಷನ್‌ಗೆ ಪಿಟಿಷನ್. ಜುಲೈ ಒಂದನೇ ತಾರೀಖು ಕೆಲಸ ಹೋದವನನ್ನ, ಅಯ್ಯೋ ಪಾಪ ಬಾರಪ್ಪ ಅಂತ ಹೊಸ ಮಾಲೀಕ ಅವತ್ತೇ ಪೇಪರ್ ಶುರು ಮಾಡಿದ್ರೂ ಕೆಲಸ ಶುರುವಾಗೋ ಹೊತ್ತಿಗೆ ಆ 60 ದಿನ ಹೆಚ್ಚುಕಡಿಮೆ ಪೂರ್ತಿ ಕಳೆದಿರತ್ತೆ. ಇವನನ್ನ ಬೇಗ ತಗೊಳ್ಳೋಕೆ ಆಗೋದು ಸರ್ಟಿಫಿಕೇಟ್ ಈಗಾಗ್ಲೇ ಕೈಲಿರೋ, ಅದ್ರಲ್ಲಿ ಜಾಗ ಖಾಲಿ ಉಳಿದಿರೋ, ಕ್ಯಾಂಪಲ್ಲಿ ಒಂದು ಮಂಚ ಖಾಲಿ ಇರೋ ಮಾಲೀಕನಿಗೆ ಮಾತ್ರ. ಅಂಥವನು ಎಲ್ಲಿದಾನೆ ಅಂತ ಕಾರ್ ಇಲ್ಲದ, ಇಂಗ್ಲಿಷ್ ಬಾರದ, ರಾತ್ರಿ ಎಲ್ಲಿ ಮಲಗ್ಬೇಕೋ ಗೊತ್ತಿಲ್ಲದ ಮನುಷ್ಯ ಹುಡುಕ್ಬೇಕು. ನಮ್ಗೆ ಲಿಂಕ್ಡ್‌ಇನ್ ಇದೆ, ರೆಫರಲ್ ಇದೆ, ಗ್ರೂಪಲ್ಲಿ ರೆಸ್ಯೂಮೆ ಹಾಕಿದ್ರೆ ಯಾರೋ ಒಬ್ರು ಫಾರ್ವರ್ಡ್ ಮಾಡ್ತಾರೆ, ಆದ್ರೂ ನಾವು ಒದ್ದಾಡ್ತೀವಿ.

ಹಂಗಾಗಿ ನನ್ ಪ್ರಕಾರ ಬದಲಾಯಿಸ್ಬೇಕಿರೋದು ಮೊದ್ಲು ಇದು: ವೀಸಾ ಒಬ್ಬ ಮಾಲೀಕನಿಗೆ ಅಂಟ್ಕೊಂಡಿರೋದು ಬಿಟ್ಟು ಕೆಲಸಕ್ಕೆ ಮತ್ತೆ ಪ್ರದೇಶಕ್ಕೆ ಅಂಟ್ಕೋಬೇಕು. ಯಾಕಿಮಾ ಕಣಿವೆಲಿ ಹಣ್ಣಿನ ಕೆಲಸ ಅಂತ ವೀಸಾ, ಸರ್ಟಿಫಿಕೇಟ್ ಇರೋ ಯಾವ ತೋಟಕ್ಕಾದ್ರೂ ಹೋಗು. ಸರ್ಟಿಫಿಕೇಟ್ ತೋಟದವನಿಗೆ, ವೀಸಾ ಕಾರ್ಮಿಕನಿಗೆ, ಎರಡನ್ನೂ ಒಟ್ಟಿಗೆ ಹೊಲಿಯೋದು ಬೇಡ. ಕೆಲಸ ಹೋದ್ರೂ ಒಂದಷ್ಟು ದಿನ ಕ್ಯಾಂಪಲ್ಲೇ ಇರೋಕೆ ಬಿಡ್ಬೇಕು, ಇಲ್ದಿದ್ರೆ ಗ್ರೇಸ್ ಪೀರಿಯಡ್ ಅನ್ನೋದು ಬಸ್‌ಸ್ಟ್ಯಾಂಡಲ್ಲಿ ಕಳೆಯೋಕೆ ಕೊಟ್ಟ ರಜೆ ಅಷ್ಟೆ. ಕೆನಡಾದಲ್ಲಿ 2019ರಿಂದ, ದೌರ್ಜನ್ಯ ಆಗ್ತಿದೆ ಅಂತ ತೋರಿಸೋ ಕಾರ್ಮಿಕನಿಗೆ ಮಾಲೀಕನ ಹೆಸ್ರಿಲ್ಲದ ಓಪನ್ ಪರ್ಮಿಟ್ ಕೊಡ್ತಾರೆ. ಒಳ್ಳೇದೇ, ಆದ್ರೆ ಅದ್ರಲ್ಲೂ ಮೊದ್ಲು ಪೆಟ್ಟು ತಿನ್ನು, ಸಾಕ್ಷಿ ಇಟ್ಕೋ, ಆಮೇಲೆ ಬಾ ಅನ್ನೋ ಥರ. ಕೂಲಿ ಐವತ್ತು ಸೆಂಟ್ ಜಾಸ್ತಿ ಸಿಗತ್ತೆ ಅಂತಾನೋ, ಮೇಸ್ತ್ರಿ ಮುಖ ನೋಡೋಕೆ ಆಗಲ್ಲ ಅಂತಾನೋ ಬಿಟ್ಟು ಹೋಗೋದು ನಮಗೆ ಮಾಮೂಲಿ, ಅವ್ರಿಗ್ಯಾಕೆ ಅದಕ್ಕೆ ಅಫಿಡವಿಟ್ ಬೇಕು.

ಒಬ್ಬ ಫ್ರೆಂಡ್ ಹತ್ರ ಇದೆಲ್ಲಾ ಹೇಳಿದ್ರೆ "ಯಾರೂ ಬಲವಂತ ಮಾಡಿಲ್ವಲ್ಲೋ, ಇಷ್ಟ ಇದ್ದೋರು ಬರ್ತಾರೆ, ಮೂರು ಲಕ್ಷ ಜನ ಕ್ಯೂ ನಿಂತಿದಾರೆ ಅಂದ್ರೆ ಅಷ್ಟೊಂದು ಕೆಟ್ಟದಿಲ್ಲ ಅಂತ ತಾನೆ" ಅಂದ. ಅದೇ ಮಾತು ನಮ್ಮ ಬಗ್ಗೆ ಯಾರಾದ್ರೂ ಹೇಳಿದ್ರೆ, "ಗ್ರೀನ್ ಕಾರ್ಡ್ ಬ್ಯಾಕ್‌ಲಾಗ್ ಇಷ್ಟ ಇಲ್ದಿದ್ರೆ ವಾಪಸ್ ಹೋಗಿ" ಅಂದ್ರೆ, ಅವನೇ ಫೇಸ್‌ಬುಕ್‌ನಲ್ಲಿ ಎರಡು ಪೇಜ್ ಬರೀತಾನೆ. ಅಂದಹಾಗೆ ಗ್ರೀನ್ ಕಾರ್ಡ್ ವಿಷಯ ಬಂತಲ್ಲ, ಎಚ್-1ಬಿ ಲಿ ಇದ್ಕೊಂಡೇ ನಾವು ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕ್ಬಹುದು, ಅದನ್ನ ಕಾನೂನೇ ಒಪ್ಪತ್ತೆ. ಎಚ್-2ಎ ಗೆ ಕಾನೂನಲ್ಲಿ ಅಷ್ಟು ಸಲೀಸಿಲ್ಲ, ಮೂರು ವರ್ಷ ಒಟ್ಟಿಗೆ ಇದ್ರೆ ಹೊರಗೆ ಹೋಗಿ 60 ದಿನ ಕಳೆದು ಬರ್ಬೇಕು, ಹಿಂದೆ ಅದು ಮೂರು ತಿಂಗಳಿತ್ತು. ಹೀಗೆ ಬಂದು ಹೋಗಿ ಬಂದು ಹೋಗಿ ಇಡೀ ವಯಸ್ಸು ಕಳೆದ್ರೂ ಕೊನೆಗೆ ಕೈಲಿ ಅದೇ ಸೀಸನ್ ವೀಸಾ. ಇವ್ರ ಸಂಬಳಕ್ಕೆ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಮತ್ತೆ ಮೆಡಿಕೇರ್ ಆರೋಗ್ಯ ವಿಮೆ ಟ್ಯಾಕ್ಸೂ ಇಲ್ಲ, ಕೇಳೋಕೆ ಲಾಭ ಅನ್ಸತ್ತೆ, ಆದ್ರೆ ಮುಪ್ಪಿಗೆ ಏನೂ ಜಮಾ ಆಗಲ್ಲ, ಮಾಲೀಕನಿಗೂ ಅವನ ಪಾಲಿನ 7.65 ಪರ್ಸೆಂಟ್ ಉಳಿಯತ್ತೆ. ನಿಯತ್ತಾಗಿ ಹತ್ತು ಸೀಸನ್ ಮಾಡಿದವನಿಗೆ ಅರ್ಜಿ ಹಾಕೋ ಅವಕಾಶ ಆದ್ರೂ ಬೇಡ್ವಾ? ಅಮೆರಿಕ ಸಂಸತ್ತಿನ ಕೆಳಮನೆ ಹೌಸ್ 2019ರಲ್ಲಿ ಒಂದ್ಸಲ, 2021ರಲ್ಲಿ ಇನ್ನೊಂದ್ಸಲ ತೋಟದ ಕಾರ್ಮಿಕರಿಗೆ ಇಂಥ ದಾರಿ ತೆರೆಯೋ ಫಾರ್ಮ್ ವರ್ಕ್‌ಫೋರ್ಸ್ ಮಾಡರ್ನೈಸೇಷನ್ ಆಕ್ಟ್ ಪಾಸ್ ಮಾಡ್ತು, ಎರಡೂ ಸಲ ಸೆನೆಟಲ್ಲಿ ಕೂತು ಧೂಳು ತಿಂತು. ಅದ್ರಲ್ಲಿ ವರ್ಷಪೂರ್ತಿ ಕೆಲಸಕ್ಕೂ ಒಂದಷ್ಟು ವೀಸಾ ಇತ್ತು, ಯಾಕಂದ್ರೆ ಹಸು ಹಾಲು ಕೊಡೋಕೆ ಸೀಸನ್ ನೋಡಲ್ಲ, ಸೀಸನ್ ಕೆಲಸ ಅಲ್ಲ ಅಂತ ಡೈರಿಗೆ ಎಚ್-2ಎ ಸಿಗಲ್ಲ.

ಎಚ್-2ಬಿ ಕಥೆ ಬೇರೆ, ಚಿಕ್ಕದಾಗಿ ಹೇಳ್ಬಿಡ್ತೀನಿ. 66,000 ಅನ್ನೋ ನಂಬರ್ 1990ರಲ್ಲಿ ಹಾಕಿದ್ದು, ಇವತ್ತಿಗೂ ಅದೇ. ಅರ್ಧ ಚಳಿಗಾಲದ ಕಡೆಗೆ ಅರ್ಧ ಬೇಸಿಗೆಗೆ. ಸಾಲಲ್ಲ ಅಂತ ವರ್ಷಾವರ್ಷ ಎಕ್ಸ್‌ಟ್ರಾ ಬಿಡ್ತಾರೆ, 2023, 24, 25 ಮೂರೂ ವರ್ಷ 64,716 ಎಕ್ಸ್‌ಟ್ರಾ, ಅಂದ್ರೆ ಮಿತಿ ಡಬಲ್ ಆಗಿ ಎಷ್ಟೋ ದಿನ ಆಯ್ತು, ಕಾನೂನಲ್ಲಿ ಮಾತ್ರ ಬರೆದಿಲ್ಲ. ಮೇರಿಲ್ಯಾಂಡ್‌ನಲ್ಲಿ ಏಡಿ ಬಿಡಿಸೋ ಸಣ್ಣ ಸಣ್ಣ ಶೆಡ್‌ಗಳು ಮೆಕ್ಸಿಕೋದ ಹೆಂಗಸರನ್ನ ನಂಬ್ಕೊಂಡಿವೆ, ಲಾಟರಿಲಿ ಹೆಸ್ರು ಬರ್ಲಿಲ್ಲ ಅಂದ್ರೆ ಆ ವರ್ಷ ಶೆಡ್ ಬಾಗಿಲು ತೆಗೆಯಲ್ಲ. ಇಷ್ಟು ದೊಡ್ಡ ದೇಶ, ಮೂವತ್ತೈದು ವರ್ಷ ಹಳೇ ನಂಬರ್ ತಿದ್ದೋಕೆ ಆಗ್ದೇ ಪ್ರತಿವರ್ಷ ಅಂಗಲಾಚಿಸ್ಕೊಳತ್ತಲ್ಲ ಅದೇನು ಸುಖವೋ.

ತೋಟದವ್ರ ಕಡೆಯಿಂದ್ಲೂ ನೋಡ್ಬೇಕು. ನನಗೆ ಪರಿಚಯ ಇರೋ ಒಬ್ರು ಇದಾರೆ, ಅಪ್ಪನ ಕಾಲದ ತೋಟ, ಸೇಬು ಜಾಸ್ತಿ, ಸ್ವಲ್ಪ ಚೆರ್ರಿ. ಸೇಬು ಕೀಳೋದನ್ನ ಹತ್ರ ನಿಂತು ನೋಡೋವರೆಗೂ ಇದನ್ನ ಯಾರು ಬೇಕಾದ್ರೂ ಮಾಡೋ ಕೆಲಸ ಅಂತ ಜನ ಅನ್ಕೊಂಡಿರ್ತಾರೆ. ಎಳೆಯೋ ಹಾಗಿಲ್ಲ, ಅಂಗೈಲಿ ಹಣ್ಣು ಕೂರಿಸಿ ಮೇಲಕ್ಕೆತ್ತಿ ಒಂಚೂರು ತಿರುಗಿಸ್ಬೇಕು, ತೊಟ್ಟು ಹಣ್ಣಿನ ಜೊತೆ ಬರ್ಬೇಕು, ಪಕ್ಕದಲ್ಲಿರೋ ಮುಂದಿನ ವರ್ಷದ ಮೊಗ್ಗು ಮುರೀಬಾರ್ದು. ಹನಿಕ್ರಿಸ್ಪ್ ತಳಿ ಆದ್ರೆ ಇನ್ನೂ ಕಷ್ಟ, ಸಿಪ್ಪೆ ಎಷ್ಟು ತೆಳ್ಳಗೆ ಅಂದ್ರೆ ಪಕ್ಕದ ಹಣ್ಣಿನ ತೊಟ್ಟೇ ಚುಚ್ಚತ್ತೆ, ಹಾಗಾಗಿ ಒಂದೊಂದು ಹಣ್ಣಿನ ತೊಟ್ಟನ್ನೂ ಸಣ್ಣ ಕತ್ರಿಲಿ ಗಿಡ್ಡ ಮಾಡ್ತಾರೆ. ಎದೆ ಮೇಲೆ ಕಟ್ಕೊಂಡಿರೋ ಚೀಲ ತುಂಬಿದ್ರೆ ಹದಿನೆಂಟು ಇಪ್ಪತ್ತು ಕೆಜಿ, ಅದನ್ನ ಹೊತ್ಕೊಂಡು ಮೂರು ಕಾಲಿನ ಏಣಿ ಇಳಿದು ಬಂದು ಬಿನ್ ಅನ್ನೋ ದೊಡ್ಡ ಪೆಟ್ಟಿಗೆ ಒಳಗೆ ಬಗ್ಗಿ, ಚೀಲದ ತಳದ ಹಗ್ಗ ಬಿಚ್ಚಿ ಹಣ್ಣನ್ನ ಸದ್ದಾಗದ ಹಾಗೆ ಜಾರಿಸ್ತಾರೆ. ಬಿನ್ ಒಂದು ತುಂಬಿದ್ರೆ ನಾನೂರು ಕೆಜಿ ಹತ್ರ. ಎರಡು ವಾರ ತಡ ಆದ್ರೆ ಹಣ್ಣು ಮೆತ್ತಗಾಗತ್ತೆ, ಒಂದು ವರ್ಷದ ಕೆಲಸ ಜ್ಯೂಸ್ ರೇಟಿಗೆ ಹೋಗತ್ತೆ. ಇಂಥ ಕೈ ಇಲ್ಲದೇ ತೋಟ ಇಲ್ಲ ಅಂತ ಅವ್ರೇ ಹೇಳ್ತಾರೆ.

ಅವ್ರ ಗೋಳು ಬೇರೆ ಇದೆ. ಕೂಲಿ ವರ್ಷಾವರ್ಷ ಏರತ್ತೆ, ಸೇಬಿನ ರೇಟು ಏರಲ್ಲ. 2024ರಿಂದ ನಮ್ಮ ಸ್ಟೇಟಲ್ಲಿ ತೋಟದ ಕೆಲಸಕ್ಕೂ 40 ಗಂಟೆ ದಾಟಿದ್ರೆ ಓವರ್‌ಟೈಮ್ ಕೊಡ್ಬೇಕು, ಹಾಗಾಗಿ ಎಷ್ಟೋ ಕಡೆ ಗಂಟೆನೇ ಕಟ್ ಮಾಡ್ತಾರೆ, ದುಡಿಯೋಕೆ ಅಂತಾನೇ ಬಂದವ್ರಿಗೂ ಅದು ಬೇಜಾರು. ಒಂದೇ ಕೆಲಸದವನಿಗೆ ಸ್ಟೇಟ್, ಲೇಬರ್, ಇಮಿಗ್ರೇಷನ್, ಕಾನ್ಸುಲೇಟ್ ಅಂತ ನಾಲ್ಕು ಕಡೆ ಅಲೀಬೇಕು. ಇದೆಲ್ಲಾ ಒಪ್ಪೋ ಮಾತೇ, ನಾಲ್ಕು ಆಫೀಸಿನ ಕೆಲಸ ಒಂದೇ ಪೋರ್ಟಲ್ ಮಾಡಿದ್ರೆ ಯಾರಿಗೂ ನಷ್ಟ ಇಲ್ಲ. ಆದ್ರೆ 2025ರ ಅಕ್ಟೋಬರಲ್ಲಿ ಲೇಬರ್ ಡಿಪಾರ್ಟ್‌ಮೆಂಟ್ ಮಾಡಿದ್ದೇನು, ಆ ಕೂಲಿ ಕೆಳಮಿತಿ ಲೆಕ್ಕ ಹಾಕೋ ರೀತಿನೇ ಬದಲಾಯಿಸ್ತು. ಎರಡು ಲೆವೆಲ್ ಮಾಡಿ ಕೆಳಗಿನ ಲೆವೆಲ್‌ಗೆ ಕಮ್ಮಿ ಕೂಲಿ, ಅದ್ರ ಮೇಲೆ ವಸತಿ ಫ್ರೀ ಕೊಡ್ತೀವಲ್ಲ ಅಂತ ವಿದೇಶಿ ಕಾರ್ಮಿಕರ ರೇಟಿಂದ ಇನ್ನಷ್ಟು ಕಳೆಯೋದು. ವಾಷಿಂಗ್ಟನ್ ಪರವಾಗಿಲ್ಲ, 2026ರ ಸ್ಟೇಟ್ ಮಿನಿಮಮ್ 17.13 ಇರೋದ್ರಿಂದ ಅದಕ್ಕಿಂತ ಕೆಳಗೆ ಹೋಗೋ ಹಾಗಿಲ್ಲ. ಜಾರ್ಜಿಯಾದಂಥ ಕಡೆ ಹಿಡಿಯೋದು ಫೆಡರಲ್ ಮಿನಿಮಮ್ ಒಂದೇ, ಅದು 2009ರಿಂದ 7.25ಕ್ಕೇ ನಿಂತಿದೆ. ಬಿಟ್ಟು ಹೋಗೋ ಹಕ್ಕು ಗಟ್ಟಿ ಮಾಡಿ ಆಮೇಲೆ ಕೂಲಿನ ಮಾರ್ಕೆಟ್‌ಗೆ ಬಿಡ್ತೀವಿ ಅಂದಿದ್ರೆ ಒಂದು ಮಾತು, ಜನನ ಕಟ್ಟಿಹಾಕಿ ಕೂಲಿ ಮಾತ್ರ ಇಳಿಸೋದು ಯಾವ ಮಾರ್ಕೆಟ್ಟು.

ಆ ಪರಿಚಯದ ತೋಟದವ್ರ ಹತ್ರ ಈ ಪ್ರದೇಶದ ವೀಸಾ ಮಾತು ತೆಗೆದಾಗ ಅವ್ರು ಮೊದ್ಲು ಹೇಳಿದ್ದು ಸರಿಯಾಗೇ ಇತ್ತು. ಬಸ್ ಚಾರ್ಜು, ವೀಸಾ ಫೀಸು, ಫೈಲಿಂಗ್ ಫೀಸು, ಕ್ಯಾಂಪ್ ಕಟ್ಸಿದ ಸಾಲ ಎಲ್ಲಾ ನನ್ನದು, ಕೆಲಸ ಕಲಿಸೋದು ನಾನು, ಎರಡನೇ ವಾರ ಪಕ್ಕದವನು ಗಂಟೆಗೆ ಒಂದು ಡಾಲರ್ ಜಾಸ್ತಿ ಅಂತ ಬೇಲಿ ಆಚೆಯಿಂದ ಕರೆದ್ರೆ? ಅದಕ್ಕೆ ನಾನಂದೆ, ಕರ್ಕೊಂಡು ಹೋದವನು ಉಳಿದ ಸೀಸನ್ ಲೆಕ್ಕದಲ್ಲಿ ನಿಮ್ಮ ಖರ್ಚಿನ ಪಾಲು ನಿಮಗೆ ಕಟ್ಟಿಕೊಡ್ಲಿ, ಆರು ತಿಂಗಳಲ್ಲಿ ಎರಡು ತಿಂಗಳು ನಿಮ್ಮಲ್ಲಿದ್ರೆ ಮೂರನೇ ಎರಡು ಭಾಗ ಅವನದ್ದು, ಕಾರ್ಮಿಕನ ಸಂಬಳಕ್ಕೆ ಕೈ ಹಾಕೋ ಹಾಗಿಲ್ಲ, ಸರ್ಟಿಫಿಕೇಟ್ ಕೊಡ್ವಾಗ್ಲೇ ಈ ಷರತ್ತು ಬರೆದುಬಿಡ್ಲಿ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ್ರು. ಕ್ಯಾಂಪ್ ಸಾಲದ ಪಾಲೂ ಸೇರತ್ತಾ ಅಂತ ಕೇಳಿದ್ರು, ಸೇರ್ಬೇಕು ಅಂದೆ. ಆಮೇಲೆ ಅವ್ರ ತಲೇಲಿ ಬೇರೇನೇ ಓಡಿದ ಹಾಗಿತ್ತು, ಮೇಲಿನ ರಸ್ತೆ ತೋಟದಲ್ಲಿ ಒಬ್ಬ ಇದಾನಂತೆ, ಪ್ರೂನಿಂಗಲ್ಲಿ, ಅಂದ್ರೆ ಕೊಂಬೆ ಸವರೋದ್ರಲ್ಲಿ, ಅವನ ಕೈ ಯಾರಿಗೂ ಬರಲ್ವಂತೆ, ಅಲ್ಲಿನ ಮೇಸ್ತ್ರಿಗೂ ಅವನಿಗೂ ಆಗಿಬರಲ್ವಂತೆ. "ಹಾಗಾದ್ರೆ ನಾನೂ ಕರೀಬಹುದು ಅಂತಾಯ್ತಲ್ಲ" ಅಂದ್ರು.